ಗಸಗಸೆಯ ಗಿಡವೂ ನೋವಿನ ಲೆಕ್ಕವೂ

ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಮಂಪರಿಗೆ ಒಳಗಾಗದ ಕನ್ನಡಿಗರು ವಿರಳ. ಅದೇ ಗಿಡದ ಹಸಿಯ ಕಾಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಮನುಷ್ಯನು ನೋವನ್ನು ಗೆಲ್ಲಲು ನಡೆಸಿದ ಹೋರಾಟದ ಚರಿತ್ರೆಯಲ್ಲಿ ಈ ಗಿಡದ ಪಾತ್ರ ಬಹು ದೊಡ್ಡದು. ವೈದ್ಯರಲ್ಲದ ನಾವು ಈ ವಿಷಯವನ್ನು ಎತ್ತಿಕೊಂಡುದೇಕೆಂಬುದು ಮುಂದೆ ವಾಚಕರಿಗೆ ತಿಳಿದೀತು.

1805ರ ಸುಮಾರಿಗೆ ಜರ್ಮನಿಯ ಪಾಡರ್‌ಬಾರ್ನ್ ಪಟ್ಟಣದ ಔಷಧದಂಗಡಿಯಲ್ಲಿ ಕೆಲಸಮಾಡುತ್ತಿದ್ದ ಸೆರ್ಟರ್ನರ್ ಎಂಬ ತರುಣನು ಅಫೀಮಿನ ಸತ್ವವನ್ನು ಬೇರ್ಪಡಿಸಿದನು. ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಅದು ಮಾರ್ಫಿನ್ ಎನಿಸಿತು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರ್ ಆವಿಯಿಂದ ರೋಗಿಯ ಅರಿವನ್ನು ಮರೆಸಿ, ಶಸ್ತ್ರಚಿಕಿತ್ಸೆಯ ಘೋರವನ್ನು ತಗ್ಗಿಸಿ ತೋರಿಸಿದನು. ಆದರೆ ಮಾರ್ಫಿನ್ ಶರೀರದಲ್ಲಿ ಹೇಗೆ ಕೆಲಸ ಮಾಡುವುದೆಂಬ ರಹಸ್ಯ ಬಿಡಲು 1973ರವರೆಗೆ ಕಾಯಬೇಕಾಯಿತು. ಆ ವರ್ಷ ಮಿದುಳಿನಲ್ಲಿ ಅದು ಹೋಗಿ ಕೂರುವ ನೆಲೆಗಳು ಪತ್ತೆಯಾದವು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಎಂಬವರು, ಮಿದುಳು ತಾನೇ ಅಂತಹ ನೋವುನಿವಾರಕಗಳನ್ನು ತಯಾರಿಸುತ್ತದೆಂದು ತೋರಿಸಿಕೊಟ್ಟರು.

ಇನ್ನು ನಮ್ಮ ದೇಶದ ಕಥೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದ ಅಫೀಮು ಬೆಳೆದು ಹೊರದೇಶಗಳ ಔಷಧ ತಯಾರಿಕೆಗೂ ಕಳುಹಿಸಿದವರು ನಾವು. ಆದರೆ ಮಾದಕದ್ರವ್ಯಗಳ ಹಾವಳಿಯನ್ನು ತಡೆಯಲೆಂದು 1985ರಲ್ಲಿ ಬಂದ ಕಾನೂನು, ಕಳ್ಳವ್ಯಾಪಾರಿಯ ಜೊತೆಗೆ ರೋಗಿಯನ್ನೂ ಕಟ್ಟಿಹಾಕಿತು. ಹಲವು ಪರವಾನಗಿಗಳ ತೊಡಕಿಗೂ ಕಠಿಣ ಶಿಕ್ಷೆಗೂ ಅಂಜಿ ಆಸ್ಪತ್ರೆಗಳು ಮಾರ್ಫಿನ್ನನ್ನೇ ಕೈಬಿಟ್ಟವು. 1997ರ ವೇಳೆಗೆ ದೇಶದಲ್ಲಿ ಅದರ ವೈದ್ಯಕೀಯ ಬಳಕೆ ವರ್ಷಕ್ಕೆ ಬರಿಯ 18 ಕಿಲೋಗ್ರಾಮಿಗೆ ಇಳಿದಿತ್ತು! ಕಣಜ ನಮ್ಮದು, ಹಸಿವೂ ನಮ್ಮದು.

ಈ ಅನ್ಯಾಯವನ್ನು ಕಂಡು ಸುಮ್ಮನಿರದವರೂ ಇದ್ದರು. ಮುಂಬಯಿಯ ಬಾಂದ್ರಾದಲ್ಲಿ 1986ರಲ್ಲಿ ಶಾಂತಿ ಅವೇದನಾ ಸದನ ತೆರೆಯಿತು. ಕಲ್ಲಿಕೋಟೆಯಲ್ಲಿ ಅರಿವಳಿಕೆ ತಜ್ಞರಾದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ಉಪಶಮನ ಚಿಕಿತ್ಸೆಯ ಸಂಘವನ್ನು ಕಟ್ಟಿದರು. ಇಂಥವರ ದೀರ್ಘ ಪ್ರಯತ್ನದ ಫಲವಾಗಿ 2014ರಲ್ಲಿ ಕಾನೂನು ತಿದ್ದುಪಡಿಯಾಯಿತು. ಮಾನ್ಯತೆ ಪಡೆದ ಸಂಸ್ಥೆಗಳು ಮಾರ್ಫಿನ್ ಇಟ್ಟುಕೊಳ್ಳುವುದಕ್ಕೆ ದೇಶಕ್ಕೆಲ್ಲ ಒಂದೇ ನಿಯಮ ಬಂದಿತು.

ಅತ್ತ ಅಮೆರಿಕದಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಗುಳಿಗೆಯನ್ನು ಮಾರುಕಟ್ಟೆಗೆ ತಂದವರು, ಅದರಿಂದ ಚಟ ಹತ್ತುವುದು ಅಪರೂಪವೆಂದು ಪ್ರಚಾರ ಮಾಡಿದರು. ಮುಂದೆ ಕಳ್ಳಪೇಟೆಯ ಹೆರಾಯಿನ್, ಫೆಂಟನಿಲ್‌ಗಳೂ ಸೇರಿ, 2021 ಒಂದೇ ವರ್ಷದಲ್ಲಿ ಈ ಜಾತಿಯ ಮದ್ದುಗಳಿಂದ ಅಲ್ಲಿ ಸತ್ತವರು 80,000ಕ್ಕೂ ಹೆಚ್ಚು ಮಂದಿ. ಬ್ಯಾಂಕಿನ ಖಾತೆ ಬರೆಯುವ ನಮಗೆ ಅನ್ನಿಸುವುದಿಷ್ಟು: ಎರಡು ದೇಶಗಳೂ ಒಂದೊಂದು ಬದಿಯನ್ನೇ ಬರೆದು ಲೆಕ್ಕ ಮುಗಿಸಿದವು. ನೋವಿನ ಪುಸ್ತಕದಲ್ಲಿ ಔಷಧದ ಭಯಕ್ಕೂ ರೋಗಿಯ ನರಳಾಟಕ್ಕೂ ಸರಿಯಾಗಿ ಜಾಗ ಕೊಡಬೇಕು.

ಸಂಶೋಧಕರು ಈಗ ಮೂರನೆಯ ದಾರಿಯನ್ನು ಹುಡುಕುತ್ತಿರುವರು. 2025ರ ಜನವರಿ 30ರಂದು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸುಜೆಟ್ರಿಜಿನ್ ಎಂಬ ಮಾತ್ರೆ, ಮಿದುಳಿನ ಆ ನೆಲೆಗಳನ್ನು ಮುಟ್ಟದೆ, ನೋವಿನ ಸುದ್ದಿಯನ್ನು ಒಯ್ಯುವ ನರಗಳಲ್ಲಿಯೇ ತಡೆಯುತ್ತದೆ. ಶಸ್ತ್ರಚಿಕಿತ್ಸೆಯ ಅನಂತರದಂತಹ ತಾತ್ಕಾಲಿಕ ನೋವಿಗೆ ಮಾತ್ರ ಸದ್ಯದ ಒಪ್ಪಿಗೆ. ಅರ್ಬುದದ ನೋವಿಗೆ ಮಾರ್ಫಿನ್ನಿನ ಸ್ಥಾನವನ್ನು ಅದು ತುಂಬಿಲ್ಲ.

ಇದೆಲ್ಲ ರಾಜ್ಯೋತ್ಸವದ ಸಂಚಿಕೆಯಲ್ಲೇಕೆ? ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಊರಿನಿಂದ ರೋಗಿಗಳು ಬರುತ್ತಲೇ ಇರುವರು. ನೋವಿಗೆ ಅಳತೆಗೋಲಿಲ್ಲ; ರೋಗಿಯ ಮಾತೇ ವೈದ್ಯನಿಗೆ ದಾರಿ. ಉರಿಯೆ, ಸೆಳೆತವೆ, ಚಳಕೆ, ಚುಚ್ಚುವುದೆ—ಇದನ್ನು ನಮ್ಮ ಅಜ್ಜಿ ಕನ್ನಡದಲ್ಲಲ್ಲದೆ ಬೇರೆ ಯಾವ ಭಾಷೆಯಲ್ಲಿ ಹೇಳಿಯಾಳು? ಪಕ್ಕದಲ್ಲಿ ನಿಂತು ಅದನ್ನು ವೈದ್ಯರಿಗೆ ತಿಳಿಯುವಂತೆ ಹೇಳುವುದೂ, "ನೋವಿಗೆ ಏನು ಕೊಡುವಿರಿ?" ಎಂದು ಸಂಕೋಚವಿಲ್ಲದೆ ಕೇಳುವುದೂ ಪರಊರಿನ ಕನ್ನಡಿಗರಾದ ನಮ್ಮಿಂದ ಆಗಬಹುದಾದ ಕನ್ನಡದ ಸೇವೆಯೇ ಸರಿ.