ಜೀವದಯೆಯ ಇತಿಹಾಸದಲ್ಲಿ ವಿದ್ಯಾರ್ಥಿಯ ಸ್ಥಾನ

ಜಿನಬಿಂಬ ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ನಮ್ಮ ಸೀಮೆಯ ಇತಿಹಾಸವನ್ನು ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನನಗೆ ಸಂಕೋಚವೇ ಆಯಿತು. ನಾನು ವಿದ್ವಾಂಸನಲ್ಲ. ಹತ್ತನೆಯ ತರಗತಿ ಮುಗಿಸಿ ತಂದೆಯವರ ದಿನಸಿ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಬಸದಿಗಳ ಶಿಲ್ಪವನ್ನೂ ಶಾಸನಗಳನ್ನೂ ಕುರಿತು ಬಲ್ಲವರು ಬರೆಯುತ್ತಾರೆ. ಬಹುಕಾಲದಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವನ್ನು ಮಾತ್ರ ಸಾಧರ್ಮಿ ಬಂಧುಗಳ ಮುಂದಿಡಲು ಬಯಸುತ್ತೇನೆ. ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯುವ ಕಾರ್ಯದಲ್ಲಿ ಮೊದಲ ಮಾತು ಯಾರ ಬಾಯಿಂದ ಬಂದಿತು ಎಂಬುದೇ ಆ ವಿಷಯ.

ಕಾರ್ಕಳದ ಹಿರಿಯಂಗಡಿಯ ಬಸದಿಯಲ್ಲಿ ವಿರಾಜಮಾನರಾಗಿರುವ ಭಗವಾನ್ ನೇಮಿನಾಥರ ಚರಿತ್ರೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ರಾಜೀಮತಿಯ ಕೈಹಿಡಿಯಲು ದಿಬ್ಬಣದೊಡನೆ ಹೊರಟ ಆ ತರುಣನಿಗೆ ದಾರಿಯಲ್ಲಿ ದೊಡ್ಡಿಯೊಳಗೆ ಕೂಡಿಹಾಕಿದ್ದ ಮೃಗಗಳ ಆರ್ತಧ್ವನಿ ಕೇಳಿಸಿತು. ಅವು ಮದುವೆಯ ಔತಣಕ್ಕಾಗಿ ತಂದವೆಂದು ತಿಳಿದೊಡನೆ ರಥವನ್ನು ಹಿಂದಿರುಗಿಸಿ ವಿರಕ್ತನಾಗಿ ಹೊರಟುಹೋದನು. ದಿಬ್ಬಣದಲ್ಲಿದ್ದ ಹಿರಿಯರಿಗೂ ಆ ಕೂಗು ಕೇಳಿಸಿರಲೇಬೇಕು. ಆದರೆ ಅದನ್ನು ಮನಸ್ಸಿಗೆ ತಂದುಕೊಂಡವನು ಆ ಯುವಕನೊಬ್ಬನೇ ಎಂಬುದು ವಿಚಾರಾರ್ಹವಾದುದು.

ಎರಡನೆಯ ನಿದರ್ಶನ ನಮ್ಮ ಕನ್ನಡದ್ದೇ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ ಕವಿಯು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ರಾಜಪುರದ ಅರಸನಾದ ಮಾರಿದತ್ತನು ಚಂಡಮಾರಿಗೆ ಬಲಿಕೊಡಲು ಇಬ್ಬರು ಎಳೆಯರನ್ನು ಹಿಡಿದು ತರಿಸುತ್ತಾನೆ. ಅವರೇ ಅಭಯರುಚಿ ಮತ್ತು ಅಭಯಮತಿ. ಸುದತ್ತಮುನಿಗಳ ಶಿಷ್ಯರು, ಇಂದಿನ ಮಾತಿನಲ್ಲಿ ಹೇಳುವುದಾದರೆ ಗುರುಗಳಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು. ಸಾವಿನ ಮುಂದೆ ನಿಂತ ಆ ಬಾಲಕನು ಅಳುಕದೆ ತನ್ನ ಹಿಂದಿನ ಭವಗಳ ಕಥೆಯನ್ನು ಹೇಳುತ್ತಾನೆ. ಒಂದಾನೊಂದು ಜನ್ಮದಲ್ಲಿ ಯಶೋಧರನೆಂಬ ಅರಸನಾಗಿದ್ದಾಗ ತಾಯಿ ಚಂದ್ರಮತಿಯು ದುಃಸ್ವಪ್ನದ ಶಾಂತಿಗಾಗಿ ಜೀವಬಲಿ ಕೊಡಬೇಕೆಂದಳು. ಮಗನು ಒಪ್ಪಲಿಲ್ಲ. ಕೊನೆಗೆ ‘ಹಿಟ್ಟಿನ ಕೋಳಿ ತಾನೆ’ ಎಂಬ ರಾಜಿಗೆ ತಲೆಬಾಗಿದನು. ಕತ್ತಿಯೆತ್ತಿ ಹೊಡೆದಾಗ ಆ ಹಿಟ್ಟಿನ ಕೋಳಿ ಕೂಗಿತು. ಕೊಲ್ಲುವ ಸಂಕಲ್ಪವೊಂದರಿಂದಲೇ ತಾಯಿಮಕ್ಕಳು ಎಷ್ಟೋ ಭವಗಳಲ್ಲಿ ಮೃಗಪಕ್ಷಿಗಳಾಗಿ ಹುಟ್ಟಿ ಸಾಯಬೇಕಾಯಿತು. ಇದನ್ನು ಕೇಳಿದ ಮಾರಿದತ್ತನು ಬಲಿಯನ್ನು ನಿಲ್ಲಿಸಿ ವೈರಾಗ್ಯ ಹೊಂದಿದನು. ಎಳೆಯನು ಹೇಳಿದುದು ಎಷ್ಟು ಮುಖ್ಯವೋ ಅರಸನು ಕೇಳಿದುದೂ ಅಷ್ಟೇ ಮುಖ್ಯವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಇನ್ನು ನಮ್ಮ ಸೀಮೆಗೆ ಬರೋಣ. ಜನ್ನನ ಕಾವ್ಯ ಹುಟ್ಟಿ ಮೂರು ದಶಕ ಕಳೆಯುವುದರೊಳಗೆ ಉಡುಪಿಯ ಸಮೀಪ ಪಾಜಕದಲ್ಲಿ ಶ್ರೀ ಮಧ್ವಾಚಾರ್ಯರು ಅವತರಿಸಿದರು. ಯಜ್ಞದಲ್ಲಿ ಜೀವಂತ ಪಶುವಿಗೆ ಬದಲಾಗಿ ಹಿಟ್ಟಿನಿಂದ ಮಾಡಿದ ಪಿಷ್ಟಪಶುವನ್ನು ಅರ್ಪಿಸಬೇಕೆಂಬ ಕ್ರಮವು ಮಾಧ್ವ ಸಂಪ್ರದಾಯದಲ್ಲಿ ನೆಲೆಗೊಂಡಿತು. ಜೈನ ಕಾವ್ಯವು ಹಿಟ್ಟಿನ ಕೋಳಿಯಲ್ಲಿಯೂ ದೋಷವನ್ನು ಕಂಡಿತು, ಮಾಧ್ವ ಸಂಪ್ರದಾಯವು ಹಿಟ್ಟಿನ ಪಶುವಿನಿಂದ ಹಿಂಸೆಯನ್ನು ತಪ್ಪಿಸಿತು. ಇವೆರಡರಲ್ಲಿ ಯಾವುದು ಮೇಲೆಂಬ ಚರ್ಚೆ ಇಲ್ಲಿ ಬೇಡ. ಬದುಕಿ ಉಳಿದ ಮೂಕ ಆಡಿನ ಕಣ್ಣಿನಿಂದ ನೋಡಿದರೆ ಎರಡೂ ಉಪಕಾರವೇ. ಕಾರ್ಕಳದಲ್ಲಿ ಭೈರರಸರ ವಂಶದ ವೀರಪಾಂಡ್ಯನು 1432ರಲ್ಲಿ ಬಾಹುಬಲಿ ಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ಇಮ್ಮಡಿ ಭೈರವನು 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಆ ಬಸದಿಯಲ್ಲಿ ನಾಲ್ಕು ದಿಕ್ಕಿಗೂ ದರ್ಶನವೀಯುವ ಅರನಾಥರ ಲಾಂಛನ ಮೀನು, ಮುನಿಸುವ್ರತರ ಲಾಂಛನ ಆಮೆ. ತೀರ್ಥಂಕರರ ಪಾದಪೀಠದಲ್ಲಿಯೇ ಪ್ರಾಣಿಗಳಿಗೆ ಸ್ಥಾನ ಕೊಟ್ಟ ಧರ್ಮ ನಮ್ಮದು.

ಆದರೂ ನಮ್ಮ ಸೀಮೆಯಲ್ಲಿ ಹಿಂಸೆ ನಿಂತಿತೆಂದು ಹೇಳುವಂತಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತದಲ್ಲಿದ್ದಾಗಲೇ, 1950ರಲ್ಲಿ, ದೇವಸ್ಥಾನಗಳಲ್ಲಿ ಪ್ರಾಣಿಪಕ್ಷಿಗಳ ಬಲಿಯನ್ನು ನಿಷೇಧಿಸುವ ಶಾಸನ ಬಂದಿತು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ 1959ರಲ್ಲಿ ಮೈಸೂರು ರಾಜ್ಯವೂ ಅಂತಹುದೇ ಶಾಸನವನ್ನು ಮಾಡಿತು. ಕಾಪುವಿನ ಮಾರಿಗುಡಿಗಳ ಸುಗ್ಗಿ ಮಾರಿಪೂಜೆಯ ಹೊತ್ತಿನಲ್ಲಿ ಕೋಳಿಗಳ ಹರಕೆ ಸಲ್ಲಿಸುವ ರೂಢಿಯು ಅದಕ್ಕೂ ಹಿಂದಿನದು, ಶಾಸನ ಬಂದ ಮೇಲೆಯೂ ಮುಂದುವರಿದದ್ದು. ನೆರೆಯವರ ಭಕ್ತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರೊಡನೆ ತಲೆತಲಾಂತರದಿಂದ ಬಾಳಿದವರು ನಾವು. ಕಾಗದದ ಮೇಲಿನ ಕಟ್ಟಳೆಯು ಮನಸ್ಸನ್ನು ಮುಟ್ಟದೆ ಹೋದರೆ ಏನಾಗುವುದೆಂಬುದಕ್ಕೆ ಮಾತ್ರ ಇದನ್ನು ಹೇಳಿದೆ.

ದೇಶಕ್ಕೆ ಅನ್ವಯಿಸುವ ಶಾಸನದ ಕಥೆಯೂ ಇದೇ. ರಾಜ್ಯಸಭೆಯ ಸದಸ್ಯೆಯಾಗಿದ್ದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು 1953ರಲ್ಲಿ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆಯನ್ನು ಮಂಡಿಸಿದರು. ಅದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಶಾಸನ ಬಂದಿತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಗೊಂಡು ಆ ಮಹನೀಯೆಯೇ ಅದರ ಪ್ರಥಮ ಅಧ್ಯಕ್ಷೆಯಾದರು. ಆ ಶಾಸನದ ಪ್ರಕಾರ ಪ್ರಾಣಿಯನ್ನು ಹೊಡೆದು ಹಿಂಸಿಸಿದವನಿಗೆ ಮೊದಲ ಅಪರಾಧಕ್ಕೆ 10 ರೂಪಾಯಿಗಳಿಂದ 50 ರೂಪಾಯಿಗಳವರೆಗೆ ದಂಡ. ಅಷ್ಟು ವರ್ಷಗಳ ಹಿಂದೆ ನಿಗದಿಯಾದ ಈ ಮೊತ್ತ ಇಂದಿಗೂ ಹಾಗೆಯೇ ಇದೆ. ವ್ಯಾಪಾರಿಯಾಗಿ ಹೇಳುವುದಾದರೆ ಇಂದು 10 ರೂಪಾಯಿಗೆ ಒಂದು ತೆಂಗಿನಕಾಯಿಯೂ ಬಾರದು.

ಈಗ ನನ್ನ ಮನೆಯ ಸಂಗತಿಯನ್ನು ನಿವೇದಿಸಿಕೊಳ್ಳಬೇಕು. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ನಮ್ಮ ಸೀಮೆಯ ಮಧ್ಯಮ ವರ್ಗದ ಮನೆಗಳಲ್ಲಿ ಮಕ್ಕಳು ವೈದ್ಯರಾಗಬೇಕೆಂಬ ಆಸೆ ಬೇರೂರಿತು. ನಮ್ಮ ತಂದೆಯವರಿಗೂ ಆ ಆಸೆಯಿತ್ತು. 1987ರಲ್ಲಿ ನನ್ನ ತಂಗಿ ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದಳು. ಪ್ರಾಣಿಶಾಸ್ತ್ರದ ಪ್ರಯೋಗಕ್ಕೆಂದು ಗದ್ದೆಗಳಿಂದ ಹಿಡಿದು ತಂದ ಕಪ್ಪೆಗೆ ಕ್ಲೋರೋಫಾರ್ಮ್ ಕೊಟ್ಟು, ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ, ಕಾಲುಗಳಿಗೆ ಗುಂಡುಸೂಜಿ ಚುಚ್ಚಿ, ಹೊಟ್ಟೆಯನ್ನು ಸೀಳಿ ಒಳಗಿನ ಅವಯವಗಳನ್ನು ಗುರುತಿಸಬೇಕಾಗಿತ್ತು. ಸೀಳಿದ ಮೇಲೆಯೂ ಹೃದಯ ಬಡಿದುಕೊಳ್ಳುತ್ತಿತ್ತು. ಮೊದಲ ದಿನವೇ ಅವಳು ಕತ್ತರಿಯನ್ನು ಕೆಳಗಿಟ್ಟಳು. ಇಬ್ಬರು ಸಹಪಾಠಿಗಳೊಡನೆ ಸೇರಿ ಒಂದು ಮನವಿಯನ್ನು ಬರೆದು ಪ್ರಾಂಶುಪಾಲರಿಗೆ ಒಪ್ಪಿಸಿದಳು. ನಕ್ಷೆಯಿಂದಲೋ ಈ ಮೊದಲೇ ಸೀಳಿ ಗಾಜಿನ ಜಾಡಿಯಲ್ಲಿಟ್ಟಿರುವ ಮಾದರಿಯಿಂದಲೋ ಕಲಿಯುತ್ತೇವೆ, ಪರೀಕ್ಷೆಯಲ್ಲಿ ಎಷ್ಟು ಪ್ರಶ್ನೆ ಕೇಳಿದರೂ ಉತ್ತರಿಸುತ್ತೇವೆ, ಹೊಸದಾಗಿ ಕೊಲ್ಲುವುದು ಬೇಡ ಎಂಬುದಷ್ಟೇ ಅವರ ಕೋರಿಕೆ. ಉಪನ್ಯಾಸಕರು ಸಜ್ಜನರು, ಪಠ್ಯಕ್ರಮ ತಮ್ಮ ಕೈಯಲ್ಲಿಲ್ಲವೆಂದರು. ಸಹಪಾಠಿಗಳು ಅಂಕಗಳಿಗೆ ಹೆದರಿ ಹಿಂದೆ ಸರಿದರು.

ತಂಗಿ ಮನೆಗೆ ಬಂದು ತಂದೆಯವರ ಮುಂದೆ ನಿಂತಳು. “ಒಂದು ಕಪ್ಪೆ ತಾನೆ ಮಗಾ, ನಾಳೆ ನೀನು ಡಾಕ್ಟರಾಗಿ ನೂರು ಜೀವ ಉಳಿಸುವುದಿಲ್ಲವೇ?” ಎಂದರು ತಂದೆಯವರು. ನಾನೂ ಅದೇ ಮಾತನ್ನು ಹೇಳಿದೆ. ಅವಳು ನನ್ನ ಕಡೆ ತಿರುಗಿ, “ಅಣ್ಣಾ, ನೀವೇ ಅಲ್ಲವೇ ನನಗೆ ಅಭಯರುಚಿಯ ಕಥೆ ಹೇಳಿದ್ದು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಪ್ರಯೋಗ ಪರೀಕ್ಷೆಯಲ್ಲಿ ಕಪ್ಪೆಯನ್ನು ಮುಟ್ಟಲಿಲ್ಲ, ಆ ಅಂಕಗಳು ಬರಲಿಲ್ಲ, ವೈದ್ಯಶಿಕ್ಷಣದ ಮಾತು ಅಲ್ಲಿಗೇ ನಿಂತಿತು. ವಾಣಿಜ್ಯಶಾಸ್ತ್ರ ಓದಿ ಮುಂದೆ ಅಧ್ಯಾಪಕಿಯಾದಳು. ‘ಹಿಟ್ಟಿನ ಕೋಳಿ ತಾನೆ’ ಎಂದ ಚಂದ್ರಮತಿಯ ಮಾತಿಗೂ ನಾವು ಆಡಿದ ಮಾತಿಗೂ ಏನು ವ್ಯತ್ಯಾಸವೆಂದು ನಾನು ಅನೇಕ ರಾತ್ರಿ ಯೋಚಿಸಿದ್ದೇನೆ. ಅದು ಹಿಟ್ಟಿನದು, ಇದು ಜೀವವುಳ್ಳದ್ದು. ಆದುದರಿಂದ ನಮ್ಮದೇ ಹೆಚ್ಚಿನ ತಪ್ಪು.

ಆಶ್ಚರ್ಯವೆಂದರೆ ಅದೇ 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆನಿಫರ್ ಗ್ರಹಾಂ ಎಂಬ ಹದಿಹರೆಯದ ವಿದ್ಯಾರ್ಥಿನಿಯು ಶಾಲೆಯಲ್ಲಿ ಕಪ್ಪೆಯನ್ನು ಸೀಳಲು ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದಳು. ಮರುವರ್ಷ, 1988ರಲ್ಲಿ, ಆ ರಾಜ್ಯದಲ್ಲಿ ಇಂತಹ ಪ್ರಯೋಗವನ್ನು ನಿರಾಕರಿಸುವ ಹಕ್ಕನ್ನು ವಿದ್ಯಾರ್ಥಿಗಳಿಗೆ ಕೊಡುವ ಶಾಸನ ಜಾರಿಗೆ ಬಂದಿತು. ಅಲ್ಲಿ ಹಿರಿಯರು ಕೇಳಿದರು, ಇಲ್ಲಿ ನಾವು ಕೇಳಲಿಲ್ಲ. ನಮ್ಮ ದೇಶವು 1987ರಲ್ಲಿಯೇ ಕಪ್ಪೆಯ ಕಾಲುಗಳ ರಫ್ತನ್ನು ನಿಷೇಧಿಸಿತು. ಗದ್ದೆಯಲ್ಲಿ ಪೈರಿನ ಕೀಟಗಳನ್ನು ತಿಂದು ರೈತನಿಗೆ ನೆರವಾಗುವ ಜೀವಿಯಿದೆಂಬ ಅರಿವು ಆ ವೇಳೆಗೆ ಮೂಡಿತ್ತು. ಆದರೆ ಪ್ರಯೋಗಶಾಲೆಯ ಕಪ್ಪೆಗೆ ಬಿಡುಗಡೆ ಸಿಗಲು ಇನ್ನೂ ಬಹಳ ವರ್ಷಗಳು ಹಿಡಿದವು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2011ರಲ್ಲಿ ಪ್ರಾಣಿಚ್ಛೇದನವನ್ನು ಹಂತಹಂತವಾಗಿ ಕಡಿಮೆ ಮಾಡಲು ಮಾರ್ಗಸೂಚಿ ನೀಡಿ, 2014ರಲ್ಲಿ ಪ್ರಾಣಿಶಾಸ್ತ್ರದ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಅದನ್ನು ನಿಲ್ಲಿಸಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಪರಿಷತ್ತು ಎಂ.ಬಿ.ಬಿ.ಎಸ್. ಶಿಕ್ಷಣದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಗೆ ಬದಲಾಗಿ ಕಂಪ್ಯೂಟರ್ ಸಹಾಯದ ಪಾಠಗಳನ್ನು ಅಳವಡಿಸುವಂತೆ ನಿಯಮವನ್ನು ತಿದ್ದಿತು. ತಂಗಿ ಬರೆದ ಮನವಿಯಲ್ಲಿದ್ದ ಕೋರಿಕೆಯೂ ಹೆಚ್ಚುಕಡಿಮೆ ಇದೇ ಆಗಿತ್ತು. 27 ವರ್ಷ ತಡವಾಯಿತು, ಅಷ್ಟೆ.

ಇನ್ನು ನಮ್ಮ ಸಮಾಜದ ಕಡೆಗೂ ಬೆರಳು ತೋರಿಸದಿದ್ದರೆ ಈ ಲೇಖನ ಅಪೂರ್ಣ. ಕಂಬಳವನ್ನು ನಡೆಸಿಕೊಂಡು ಬಂದ ಮನೆತನಗಳಲ್ಲಿ ಜೈನ ಮನೆತನಗಳೂ ಇವೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಜಲ್ಲಿಕಟ್ಟು ತೀರ್ಪಿನ ಪರಿಣಾಮವಾಗಿ ಕಂಬಳಕ್ಕೆ ತಡೆಯುಂಟಾಯಿತು. ಬಳಿಕ ರಾಜ್ಯವು ಕಾಯಿದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕಾನೂನು ಅನುಮತಿ ಕೊಟ್ಟಿದೆ. ಕೋಣದ ಬೆನ್ನಿನ ಮೇಲೆ ಬೀಳುವ ಬೆತ್ತಕ್ಕೆ ಉತ್ತರ ಹೇಳಬೇಕಾದವರು ನಾವೇ. ಇನ್ನೊಂದು ಮಾತು: ಪೂಜೆಗೆ ಮಡಿಯೆಂದು ನಾವು ಉಡುವ ರೇಷ್ಮೆಯ ಒಂದು ಸೀರೆಗೆ ಸಾವಿರಾರು ಗೂಡುಗಳನ್ನು ಒಳಗಿನ ಹುಳುವಿನ ಸಮೇತ ಬಿಸಿನೀರಿಗೆ ಹಾಕಲಾಗುತ್ತದೆ. ಮೊನ್ನೆ ಒಬ್ಬ ಹೈಸ್ಕೂಲು ಹುಡುಗ ಅಂಗಡಿಯ ಜಗಲಿಯಲ್ಲಿ ನಿಂತು, “ಮಾವ, ಬಸದಿಗೆ ರೇಷ್ಮೆ ಉಟ್ಟುಕೊಂಡು ಹೋಗಬಹುದೇ?” ಎಂದು ನನ್ನನ್ನು ಕೇಳಿದನು. ಅವನನ್ನು ಗದರಿಸಲಿಲ್ಲ. ಈ ಸಲದ ಪ್ರತಿಷ್ಠಾ ಮಹೋತ್ಸವಕ್ಕೆ ಹತ್ತಿಯ ಪಂಚೆಯನ್ನು ತೆಗೆದಿರಿಸಿದ್ದೇನೆ.

ಸಂವಿಧಾನಕ್ಕೆ 1976ರಲ್ಲಿ ಆದ 42ನೆಯ ತಿದ್ದುಪಡಿಯ ಮೂಲಕ ಸೇರಿದ 51ಎ ವಿಧಿಯು ಸಕಲ ಜೀವಿಗಳಲ್ಲಿ ದಯೆಯಿಡುವುದನ್ನು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಾರಿದೆ. ಅದನ್ನು ಮಕ್ಕಳು ಶಾಲೆಯ ಪಾಠದಲ್ಲಿ ಓದುತ್ತಾರೆ, ಬಸದಿಯ ಪ್ರವಚನದಲ್ಲಿ ಕೇಳುತ್ತಾರೆ. ಆಮೇಲೆ ನಮ್ಮನ್ನು ನೋಡುತ್ತಾರೆ. ಬೀದಿಯಲ್ಲಿ ಗಾಯಗೊಂಡ ನಾಯಿಗೆ ನೀರು ಕೊಡುವ, ಲಾರಿಯಲ್ಲಿ ಕಾಲು ಕಟ್ಟಿ ತುಂಬಿದ ದನಗಳನ್ನು ಕಂಡು ಅಧಿಕಾರಿಗಳಿಗೆ ತಿಳಿಸುವ, ಪಶುವೈದ್ಯರನ್ನು ಕರೆತರಲು ಓಡುವ ಹುಡುಗ ಹುಡುಗಿಯರು ನಮ್ಮ ಮನೆಗಳಲ್ಲಿಯೇ ಇದ್ದರೆ ಅವರನ್ನು ‘ಇದೆಲ್ಲ ನಿನಗೇಕೆ, ಓದು’ ಎಂದು ತಡೆಯಬೇಡಿರಿ. ಅವರೊಡನೆ ಹೋಗಿರಿ, ಖರ್ಚಿಗೆ ಹಣ ಕೊಡಿರಿ.

ನನ್ನ ತಂಗಿಯ ಮಗಳು ಈಗ ವೈದ್ಯಶಿಕ್ಷಣ ಪಡೆಯುತ್ತಿದ್ದಾಳೆ. ಕಳೆದ ರಜೆಯಲ್ಲಿ ಬಂದಾಗ, ಔಷಧಿಯಿಂದ ಕಪ್ಪೆಯ ಹೃದಯದ ಬಡಿತ ಹೇಗೆ ಬದಲಾಗುವುದೆಂಬ ಪಾಠವನ್ನು ಕಂಪ್ಯೂಟರಿನ ಪರದೆಯ ಮೇಲೆ ನನಗೆ ತೋರಿಸಿದಳು. ಒಂದು ಜೀವಕ್ಕೂ ನೋವಿಲ್ಲ, ಪಾಠಕ್ಕೂ ಕೊರತೆಯಿಲ್ಲ. ತಂಗಿ ಬಾಗಿಲ ಬಳಿ ನಿಂತು ಅದನ್ನು ನೋಡುತ್ತಿದ್ದಳು. ಅಂದು ನಾನು ಅವಳ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಪ್ರತಿಷ್ಠೆಯ ಈ ಪುಣ್ಯದಿನಗಳಲ್ಲಿ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮಕ್ಕಳಿಗೆ ಅಭಯರುಚಿಯ ಕಥೆಯನ್ನು ಹೇಳಿರಿ. ಅವರು ಅದನ್ನು ನಂಬಿ ನಮ್ಮೆದುರು ಬಂದು ನಿಂತ ದಿನ ಮಾರಿದತ್ತನಂತೆ ಕೇಳುವ ತಾಳ್ಮೆ ನಮಗಿರಲಿ.