ದಾನಪತ್ರಗಳ ವಿವಾದ ಮತ್ತು ಸತ್ಯಾನ್ವೇಷಣೆ

1675ರಲ್ಲಿ ಆಂಟ್ವರ್ಪ್‌ನ ಯೇಸುಸಭೆಯ ಗುರು ದಾನಿಯೇಲ್ ಪೇಪೆಬ್ರಾಕ್, ಸಂತರ ಚರಿತ್ರೆಗಳ ಬೃಹತ್ ಸಂಕಲನವಾದ 'ಆಕ್ತಾ ಸಾಂಕ್ತೋರುಂ'ನ ಸಂಪುಟವೊಂದಕ್ಕೆ ಪೀಠಿಕೆಯಾಗಿ ಪ್ರಾಚೀನ ದಾನಪತ್ರಗಳ ವಿಮರ್ಶೆಯನ್ನು ಪ್ರಕಟಿಸಿದರು. ಬೆನೆಡಿಕ್ಟ್ ಸಭೆಯ ಮಠಗಳು ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದ ಮೆರೊವಿಂಜಿಯನ್ ಅರಸರ ಪತ್ರಗಳು ಅದರಿಂದ ಸಂಶಯಕ್ಕೊಳಗಾದವು. ಮಠಗಳ ಹಕ್ಕೂ ಗೌರವವೂ ಅಂಥ ಪತ್ರಗಳನ್ನು ಅವಲಂಬಿಸಿದ್ದವು.

ಪ್ಯಾರಿಸ್ಸಿನ ಸಾಂ ಜೆರ್ಮೇನ್ ದೆ ಪ್ರೆ ಮಠದ ಝಾನ್ ಮಾಬಿಯೋನ್ ಉತ್ತರಿಸಲು ಮುಂದಾದರು. 1681ರಲ್ಲಿ ಪ್ರಕಟವಾದ ಅವರ 'ದೆ ರೆ ದಿಪ್ಲೊಮಾತಿಕಾ' ಪೇಪೆಬ್ರಾಕರ ಹೆಸರು ಹಿಡಿದು ಜಗಳವಾಡುವುದಕ್ಕಿಂತ ಹೆಚ್ಚಿನದನ್ನು ಸಾಧಿಸಿತು. ಲಿಪಿ, ಶಾಯಿ, ಶೈಲಿ, ಮುದ್ರೆ, ಕಾಲಸೂಚನೆಯ ಕ್ರಮ ಮುಂತಾದವುಗಳಿಂದ ಪತ್ರದ ನೈಜತೆಯನ್ನು ನಿರ್ಣಯಿಸುವ ನಿಯಮಗಳನ್ನು ಅದು ನಿರೂಪಿಸಿತು. ಸ್ವಂತ ಮಠದ ಪತ್ರಕ್ಕೂ ಅವೇ ನಿಯಮಗಳು ಅನ್ವಯಿಸುತ್ತಿದ್ದವು.

ಅದನ್ನೋದಿದ ಪೇಪೆಬ್ರಾಕ್, ಮೊದಲು ನೋವಾದರೂ ಬಳಿಕ ಗ್ರಂಥದ ಶ್ರೇಷ್ಠತೆಗೆ ಮಣಿದುದಾಗಿ ಮಾಬಿಯೋನರಿಗೆ ಬರೆದರು. ತಮ್ಮ ಸಮ್ಮತಿಯನ್ನು ಬಹಿರಂಗವಾಗಿ ಸಾರಲೂ ಅನುಮತಿಸಿದರು.

ಇದೇ ಪೇಪೆಬ್ರಾಕ್, ಪ್ರವಾದಿ ಎಲೀಯನೇ ಕಾರ್ಮೆಲ್ ಸಭೆಯ ಸ್ಥಾಪಕನೆಂಬ ಪರಂಪರೆಯನ್ನು ಪ್ರಶ್ನಿಸಿದಾಗ ಸಿಕ್ಕ ಉತ್ತರ ಬೇರೆ. ವಿವಾದ ಬೆಳೆದು, 1695ರಲ್ಲಿ ಸ್ಪೇನಿನ ಇನ್ಕ್ವಿಸಿಷನ್ ಅವರ ಸಂಪುಟಗಳನ್ನು ಖಂಡಿಸಿತು. ಆ ಖಂಡನೆ ತೆರವಾದದ್ದು 1715ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಮಾಬಿಯೋನರೂ ತಮ್ಮ ಸಭೆಯ ಸಮರ್ಥನೆಗೆಂದೇ ಹೊರಟವರು. ಆದರೆ ತಮ್ಮ ವಿರುದ್ಧವೂ ತೀರ್ಪು ನೀಡಬಲ್ಲ ಅಳತೆಗೋಲನ್ನು ಒಪ್ಪಿದ್ದರಿಂದ ಅವರ ಸಮರ್ಥನೆ ಸತ್ಯಾನ್ವೇಷಣೆಯಾಯಿತು. ವಿಶ್ವಾಸವನ್ನು ಸಮರ್ಥಿಸಲು ಕಲಿಯುತ್ತಿರುವ ಗುರುವಿದ್ಯಾರ್ಥಿ ತನ್ನ ಪ್ರತಿಯೊಂದು ವಾದಕ್ಕೂ ಈ ಪ್ರಶ್ನೆಯನ್ನು ಹಾಕಿಕೊಳ್ಳಬೇಕು: ಎದುರಾಳಿಯನ್ನು ಅಳೆಯುವ ಕೋಲಿನಿಂದ ನನ್ನನ್ನೂ ಅಳೆದುಕೊಂಡಿದ್ದೇನೆಯೇ? ಕ್ರಿಸ್ತರೇ ಸತ್ಯವೆಂದು ನಂಬುವವರು ಆ ಅಳತೆಗೆ ಅಂಜಬೇಕಾಗಿಲ್ಲ.