ಕೊಡಗಿನಲ್ಲಿ ದಂಡವೂ ನ್ಯಾಯವೂ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ನ್ಯಾಯಸಭೆಯ ಸಭ್ಯರಿಗೆ ಶತ್ರುಮಿತ್ರರಲ್ಲಿ ಸಮದೃಷ್ಟಿಯನ್ನು ವಿಧಿಸಿದೆ. ಅಷ್ಟಕ್ಕೇ ನಿಲ್ಲದೆ, ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಧರ್ಮವನ್ನು ಮೀರಿ ತೀರ್ಪಿತ್ತ ಸಭ್ಯರಲ್ಲಿ ಒಬ್ಬೊಬ್ಬನಿಗೂ ಆ ವಿವಾದದ ದಂಡದ ಇಮ್ಮಡಿಯನ್ನು ಹಾಕಬೇಕೆಂದೂ ಹೇಳಿದೆ. ಇದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದವನೆಂಬುದು ವಾಚಕಮಹಾಶಯರಿಗೆ ವಿದಿತವೇ ಇದೆ. ಆದರೆ ಆಳುವವನೇ ವಾದಿಯಾಗಿ ನಿಂತಾಗ ಸಭ್ಯರಾರು? ನಮ್ಮ ಕೊಡಗಿನ ಚರಿತ್ರೆಯಲ್ಲಿ ಈ ಪ್ರಶ್ನೆಯು ಪದೇ ಪದೇ ಎದುರಾಗುತ್ತದೆ.

ಹಾಲೇರಿ ಅರಸರ ಕಾಲದಲ್ಲಿ ಊರಿನ ವ್ಯಾಜ್ಯಗಳನ್ನು ತಕ್ಕಮುಖ್ಯಸ್ಥರು ಕೂಡಿ ತೀರ್ಮಾನಿಸುತ್ತಿದ್ದರು. ಪ್ರಾಣದಂಡವು ಮಾತ್ರ ಅರಸನ ಬಾಯಿಮಾತಿಗೆ ಅಧೀನವಾಗಿತ್ತು. ಚಿಕ್ಕವೀರರಾಜೇಂದ್ರನ ಸೋದರಿ ದೇವಮ್ಮಾಜಿಯೂ ಆಕೆಯ ಪತಿ ಚೆನ್ನಬಸಪ್ಪನೂ 1832ರಲ್ಲಿ ಮೈಸೂರಿನ ರೆಸಿಡೆಂಟನ ಆಶ್ರಯಕ್ಕೆ ಓಡಿದರು. ರಾಜಬಂಧುಗಳಿಗೇ ಅರಸನ ಭಯವು ಇಂತಿದ್ದ ಮೇಲೆ ರೈತನ ಗತಿಯೇನೆಂದು ಊಹಿಸಬಹುದು.

1834ನೆಯ ಮೇ 7ರಂದು ರಾಜ್ಯವು ಕುಂಪಣಿಯ ವಶವಾಯಿತು. ಮೂರೇ ವರ್ಷಗಳಲ್ಲಿ ಅಮರಸುಳ್ಯದ ದಂಗೆ ಎದ್ದಿತು. ಅದರ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು 1837ನೆಯ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಮುಂದೆ ಗಲ್ಲಿಗೇರಿಸಿದರು. ಆತನು ಯಾರ ಅಧಿಕಾರವನ್ನು ಎದುರಿಸಿದನೋ ಅವರೇ ಆತನನ್ನು ದಂಡಿಸಿದವರು. ಮೂರನೆಯವನೊಬ್ಬನ ಮುಂದೆ ತನ್ನ ಮಾತನ್ನಾಡುವ ಎಡೆ ಆತನಿಗೆ ಎಲ್ಲಿತ್ತು?

ತರುವಾಯ ಕಾಯಿದೆಗಳು ಬಂದವು, 1868ರಲ್ಲಿ ಕೊಡಗಿನ ನ್ಯಾಯಾಲಯಗಳಿಗೆಂದೇ ಒಂದು ಆಕ್ಟೂ ಆಯಿತು. ನಿಯಮವಿಲ್ಲದ ಅರಸನಿಗಿಂತ ನಿಯಮವುಳ್ಳ ಪರಕೀಯನು ಮೇಲೆಂದು ಹಿರಿಯರು ಹೇಳುತ್ತಿದ್ದುದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ಮೂಲದೋಷವು ಉಳಿದೇ ಇತ್ತು. 1881ರ ತರುವಾಯ ಬಹುಕಾಲ ಮೈಸೂರಿನ ರೆಸಿಡೆಂಟರೇ ಕೊಡಗಿಗೆ ಚೀಫ್ ಕಮಿಷನರು. ಅವರ ವಾಸ ಬೆಂಗಳೂರಿನಲ್ಲಿ. ಪ್ರಾಂತಸರ್ಕಾರದ ಅಧಿಕಾರವೂ ಹೈಕೋರ್ಟಿನ ಅಧಿಕಾರವೂ ಆ ಒಬ್ಬರಲ್ಲೇ ಸೇರಿದ್ದುವು. ಇದರ ಅರ್ಥವನ್ನು ಬಿಡಿಸಿ ನೋಡಬೇಕು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಂತೆ ಸೆಷನ್ಸ್ ಕೋರ್ಟು ವಿಧಿಸಿದ ಮರಣದಂಡನೆಯನ್ನು ಹೈಕೋರ್ಟು ಸ್ಥಿರಪಡಿಸಬೇಕು. ಹಲವು ನ್ಯಾಯಾಧೀಶರಿರುವಲ್ಲಿ ಇಬ್ಬರಾದರೂ ರುಜು ಹಾಕಬೇಕು. ಆಮೇಲೆ ಶಿಕ್ಷೆಯನ್ನು ತಗ್ಗಿಸುವ ಅಧಿಕಾರವು ಸರ್ಕಾರಕ್ಕುಂಟು. ಇಲ್ಲಿಯಾದರೋ ಸ್ಥಿರಪಡಿಸುವವರೂ ಒಬ್ಬರೇ, ಕರುಣೆ ತೋರಬೇಕಾದವರೂ ಅವರೇ! ತಾವೇ ರುಜು ಹಾಕಿದ ತೀರ್ಪನ್ನು ಬೇರೆ ಕಣ್ಣಿನಿಂದ ನೋಡುವುದು ಋಷಿಗಳಿಗೂ ಕಷ್ಟ. ಆ ಪದವಿಯಲ್ಲಿದ್ದವರು ದುಷ್ಟರೆಂದು ನಾನು ಹೇಳುತ್ತಿಲ್ಲ. ಒಳ್ಳೆಯವನು ಕುಳಿತರೂ ಆ ಪೀಠವು ಡೊಂಕೇ. ಮಡಿಕೇರಿಯಲ್ಲಿಯೂ ಆಡಳಿತದ ಪ್ರತಿಯೊಂದು ಶಾಖೆಯು ಕಮಿಷನರರ ಕೈಯಲ್ಲಿತ್ತು. ಸರ್ಕಾರದ ಕಛೇರಿಯೂ ನ್ಯಾಯಾಲಯವೂ ಬಹುಕಾಲ ಒಂದೇ ಕೋಟೆಯೊಳಗೆ ನಡೆದುವು.

ಸ್ವಾತಂತ್ರ್ಯಾನಂತರ ಕೊಡಗು ಮದರಾಸು ಹೈಕೋರ್ಟಿನ ವ್ಯಾಪ್ತಿಗೆ ಸೇರಿ, 1956ನೆಯ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಕೂಡಿತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಸಂವಿಧಾನದ 50ನೆಯ ಅನುಚ್ಛೇದವು 1950ರಲ್ಲಿಯೇ ನಿರ್ದೇಶಿಸಿತ್ತು. ಆದರೆ ಮ್ಯಾಜಿಸ್ಟ್ರೇಟರನ್ನು ನ್ಯಾಯಾಂಗದವರು, ಕಾರ್ಯಾಂಗದವರು ಎಂದು ದೇಶದ ಬಹುಭಾಗಕ್ಕೆ ಅನ್ವಯಿಸುವಂತೆ ವಿಂಗಡಿಸಿದ 1973ರ ಸಂಹಿತೆಯು ಜಾರಿಗೆ ಬಂದುದು 1974ನೆಯ ಏಪ್ರಿಲ್ 1ರಂದು. ಅಪ್ಪಯ್ಯಗೌಡನು ಗಲ್ಲಿಗೇರಿ ಆಗ 136 ವರ್ಷಗಳು ಕಳೆದಿದ್ದುವು.